ಗಡ್ಡವಿಲ್ಲದ ಚಿಪ್ಪುಗಳು

2003ರ ಅಕ್ಟೋಬರ್ 6, ಸೋಮವಾರ. ಜಂಬೂಸವಾರಿಯ ಮರುದಿನ. ಠಾಣೆಯ ಜೀಪಿಗೆ ಕಟ್ಟಿದ್ದ ಬಾಳೆಕಂದು ಒಣಗಿ ಜೋತುಬಿದ್ದಿತ್ತು. ಬಂದೋಬಸ್ತು ಮುಗಿಸಿ ಬಂದ ಪೇದೆಗಳು ಕೂತಲ್ಲೇ ತೂಕಡಿಸುತ್ತಿದ್ದರು. ಬೆಳಿಗ್ಗೆ 10.20ಕ್ಕೆ ಡಾ. ಚೂಡಾಮಣಿ ಎಂಬ ನಲವತ್ತೈದು ದಾಟಿದ ಹೆಂಗಸು ಒಳಗೆ ಬಂದು, ದೂರು ಕೊಡಬೇಕು ಎಂದರು. ಮನೆ ಲಕ್ಷ್ಮೀಪುರಂ. ಕೆಲಸ ರಾಮಕೃಷ್ಣನಗರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ವಿಜ್ಞಾನಿ.

ಹೆಡ್ ಕಾನ್ಸ್‌ಟೇಬಲ್ ನಿಂಗಯ್ಯ ಏನು ಕಳುವಾಗಿದೆ ಎಂದು ಕೇಳಿದ.

“ಚಿಪ್ಪು. ಸಮುದ್ರದ್ದು. ಪಚ್ಚಿಲೆ ಅಂತಾರೆ.”

“ತಿನ್ನೋದಾ ಮೇಡಂ?”

“ತಿನ್ನೋದೇ.”

ನಿಂಗಯ್ಯ ಪೆನ್ನು ಕೆಳಗಿಟ್ಟ. “ಸವಾರಿ ಜನದಲ್ಲಿ ಹೆಂಗಸ್ರ ಸರ ಕಿತ್ತಿರೋ ಕೇಸೇ ರಾಶಿ ಬಿದ್ದವೆ. ಮೀನು ಕದ್ದೋರ್ನ ಎಲ್ಲಿ ಅಂತ ಹುಡುಕನ? ಇಷ್ಟೊತ್ಗೆ ಸಾರಾಗಿರ್ತದೆ.”

“ಕದ್ದಿದ್ದರೆ ನಾನು ಬರ್ತಿರಲಿಲ್ಲ. ಕದ್ದು, ಆ ಜಾಗಕ್ಕೆ ಬೇರೆ ತಂದಿಟ್ಟಿದ್ದಾರೆ.”

ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಶಿವರುದ್ರಪ್ಪನಿಗೆ ಆ ಮಾತು ಕೇಳಿಸಿತು. ಆಕೆಯನ್ನು ಒಳಗೆ ಕರೆಸಿ ಕೂರಿಸಿದ.

ಚೂಡಾಮಣಿ ಹೇಳಿದ್ದು ಇಷ್ಟು. ಕರಾವಳಿಯಲ್ಲಿ ಒಂದು ರಾಸಾಯನಿಕ ಕಾರ್ಖಾನೆಯಿದೆ. ಅದರ ಕೊಳಕು ನೀರು ಕೊಳವೆಯಲ್ಲಿ ಹರಿದು ಸಮುದ್ರ ಸೇರುತ್ತದೆ. ಪಚ್ಚಿಲೆ ಎದ್ದು ಓಡುವ ಪ್ರಾಣಿಯಲ್ಲ. ಇದ್ದಲ್ಲೇ ಇದ್ದು ಹಗಲೂ ರಾತ್ರಿ ನೀರು ಕುಡಿಯುತ್ತದೆ, ನೀರು ಬಿಡುತ್ತದೆ, ನೀರಿನ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಬಾಟಲಿಯಲ್ಲಿ ಹಿಡಿದ ನೀರು ಆ ಹೊತ್ತಿನದನ್ನು ಮಾತ್ರ ಹೇಳುತ್ತದೆ, ಅದೂ ಕಾರ್ಖಾನೆಯವರು ಆ ಹೊತ್ತಿಗೆ ಕೊಳವೆ ಮುಚ್ಚಿರದಿದ್ದರೆ. ಚಿಪ್ಪು ವಾರಗಟ್ಟಲೆ ನಡೆದದ್ದನ್ನು ಹೇಳುತ್ತದೆ. ಅದಕ್ಕೇ ಆಕೆ ಕೊಳವೆಯ ಬಾಯಿಯ ಹತ್ತಿರ ಒಂದು ಬುಟ್ಟಿ ಪಚ್ಚಿಲೆ, ದೂರದ ಶುದ್ಧ ನೀರಿನಲ್ಲಿ ಇನ್ನೊಂದು ಬುಟ್ಟಿ ಇಳಿಬಿಟ್ಟಿದ್ದರು. ಬೇಸಿಗೆಯಲ್ಲಿ ತೆಗೆದ ಮೊದಲ ಕಂತಿನಲ್ಲಿ, ಕೊಳವೆಯ ಹತ್ತಿರದ ಗಂಡು ಚಿಪ್ಪುಗಳ ಮೈಯೊಳಗೆ ಮೊಟ್ಟೆ ಕಟ್ಟುವ ಪ್ರೋಟೀನು ಸಿಕ್ಕಿತ್ತು. ಹೆಣ್ಣಿನಲ್ಲಿ ಮಾತ್ರ ಅಷ್ಟು ಇರಬೇಕಾದದ್ದು ಅದು. ನೀರಿನ ಯಾವುದೋ ರಾಸಾಯನಿಕ ಹೆಣ್ಣು ಹಾರ್ಮೋನಿನಂತೆ ನಟಿಸಿ ಅವುಗಳ ಮೈ ಹೊಕ್ಕಿತ್ತು.

ಒಂದು ಸಲದ ಫಲಿತಾಂಶ ಸಾಲದು, ಎರಡನೆಯ ಕಂತೂ ಅದನ್ನೇ ಹೇಳಬೇಕು ಎಂದಿದ್ದರು ಅನುಮತಿ ಕೊಡುವ ಮೇಲಿನವರು. ಕಾರ್ಖಾನೆ ಈಗ ಇನ್ನೊಂದು ಕೊಳವೆ ಹಾಕಲು ಅನುಮತಿ ಕೇಳಿತ್ತು. ಅದರ ಸಾರ್ವಜನಿಕ ವಿಚಾರಣೆ ಅಕ್ಟೋಬರ್ 16ಕ್ಕೆ. ಎರಡನೆಯ ಕಂತು ಪ್ರಯೋಗಾಲಯದ ಫ್ರೀಜರಿನಲ್ಲಿತ್ತು. ಆ ಚಿಪ್ಪು ಸಿಗದಿದ್ದರೆ ಎರಡನೆಯ ಕೊಳವೆಗೆ ಅನುಮತಿ ಸಿಗುವುದು ಖಂಡಿತ.

“ಬದಲಾಗಿದೆ ಅಂತ ಹೆಂಗೆ ಗೊತ್ತಾಯ್ತು?”

“ಫ್ರೀಜರಿಗೆ ಹಾಕೋ ಮುಂಚೆ ಒಂದೊಂದನ್ನೂ ನಾನೇ ಅಳೆದಿದ್ದೆ. ಇವತ್ತು ತೆಗೆದು ನೋಡಿದರೆ ಎಲ್ಲ ದೊಡ್ಡವು. ಫ್ರೀಜರಿನಲ್ಲಿ ಯಾವುದೂ ಬೆಳೆಯೋದಿಲ್ಲ ಸರ್.”

“ಆ ಊರಿನೋರು ಈ ಚಿಪ್ಪು ತಿಂತಾರಾ?”

“ದಿನಾ.”

“ಅವರಿಗೆ ಏನಾಗಿದೆ?”

“ಮನುಷ್ಯರನ್ನ ಯಾರೂ ಪರೀಕ್ಷೆ ಮಾಡಿಲ್ಲ. ಅದಕ್ಕೆ ದುಡ್ಡು ಕೊಡೋರಿಲ್ಲ.”

ನಿಂಗಯ್ಯ ಮತ್ತೆ ಪೆನ್ನು ಕೈಗೆತ್ತಿಕೊಂಡ. ಬೀಗ ಒಡೆದಿರಲಿಲ್ಲವಾದ್ದರಿಂದ ನೌಕರರಿಂದ ಕಳವು ಮತ್ತು ಸ್ವತ್ತಿನ ನಾಶ, ಐಪಿಸಿ 381 ಮತ್ತು 427ರ ಅಡಿ ಎಫ್‌ಐಆರ್ ದಾಖಲಾಯಿತು.

ಪ್ರಯೋಗಾಲಯದಲ್ಲಿ ಪಂಚನಾಮೆ ಶುರುವಾದಾಗ ಹನ್ನೆರಡು ಗಂಟೆ. ಎರಡಂತಸ್ತಿನ ಮನೆಯನ್ನೇ ಪ್ರಯೋಗಾಲಯ ಮಾಡಿದ್ದರು. ಶನಿವಾರ ಆಯುಧ ಪೂಜೆ ನಡೆದಿತ್ತು. ಒಂದೊಂದು ಯಂತ್ರದ ಮೇಲೂ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಹಿಂದಿನ ಕೋಣೆಯ ಫ್ರೀಜರಿನ ಮೇಲೂ ಅಷ್ಟೇ. ಅದರ ಹ್ಯಾಂಡಲಿನ ಸೇವಂತಿಗೆ ಹಾರ ಬಾಡಿ ವಾಸನೆ ಹೊಡೆಯುತ್ತಿತ್ತು.

ಫ್ರೀಜರಿನಲ್ಲಿ ಎರಡು ಪ್ಲಾಸ್ಟಿಕ್ ಚೀಲಗಳಿದ್ದವು. ಒಂದು ಶುದ್ಧ ನೀರಿನ ಕಡೆಯದು, ಒಂದು ಕೊಳವೆಯ ಕಡೆಯದು. ಕೊಳವೆಯ ಚೀಲದ ಬಾಯಿಯ ಹತ್ತಿರ, ಮಂಜಿನ ಅಡಿಯಲ್ಲಿ, ಕೆಂಪಗೆ ಒಂದು ಬೆರಳಿನ ಗುರುತು.

ಶಿವರುದ್ರಪ್ಪ ಬಗ್ಗಿ ನೋಡಿ, ಈ ಚೀಲ ಯಾವಾಗ ಕಟ್ಟಿದ್ದು ಎಂದು ಕೇಳಿದ. ಸೆಪ್ಟೆಂಬರ್ ಮಧ್ಯದಲ್ಲಿ, ಆಮೇಲೆ ಇವತ್ತಿನವರೆಗೆ ತಾನು ಮುಟ್ಟಿಲ್ಲ ಎಂದರು ಚೂಡಾಮಣಿ.

“ಸೆಪ್ಟೆಂಬರಲ್ಲಿ ಇಲ್ಲಿ ಯಾರ ಕೈಯಲ್ಲೂ ಕುಂಕುಮ ಇರಲಿಲ್ಲ. ಪೂಜೆ ಆದ್ಮೇಲೆ ಆಗಿರೋ ಕೆಲಸ ಇದು.”

ಚೀಲವನ್ನು ಬೆರಳಚ್ಚು ವಿಭಾಗಕ್ಕೆ ಕಳಿಸಲು ಮೊಹರು ಮಾಡುವ ಮುಂಚೆ, ಎರಡೂ ಚೀಲದ ಚಿಪ್ಪುಗಳನ್ನು ಟ್ರೇಗಳಲ್ಲಿ ಸುರಿದರು. ಶಿವರುದ್ರಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಹುಟ್ಟಿದ ಮೇಲೆ ಮೊಟ್ಟೆಯನ್ನೂ ಮುಟ್ಟಿದವನಲ್ಲ. ಕೈ ಹಿಂದೆ ಕಟ್ಟಿಕೊಂಡು, ಎರಡು ಟ್ರೇಗಳನ್ನೂ ಬಹಳ ಹೊತ್ತು ನೋಡಿದ.

“ಈ ಶುದ್ಧ ನೀರಿನವಕ್ಕೆಲ್ಲ ಗಡ್ಡ ಐತೆ. ಅದಕ್ಕಿಲ್ಲ. ಇವು ಗಂಡು, ಅವು ಹೆಣ್ಣಾ?”

ಒಬ್ಬ ಪಂಚ ಕಿಸಕ್ಕನೆ ನಕ್ಕ. ಚೂಡಾಮಣಿ ನಗಲಿಲ್ಲ. ಕೊಳವೆಯ ಕಡೆಯ ಟ್ರೇಯ ಹತ್ತಿರ ಬಂದು ಒಂದು ಚಿಪ್ಪನ್ನು ತಿರುಗಿಸಿ ನೋಡಿದರು. ಪಚ್ಚಿಲೆ ಬಂಡೆಗೆ ಅಂಟಿಕೊಳ್ಳುವುದು ಇನ್ಸ್‌ಪೆಕ್ಟರ್ ಗಡ್ಡ ಎಂದ ಆ ಕಂದು ನಾರಿನಿಂದಲೇ. ಗಂಡಿಗೂ ಇರುತ್ತದೆ, ಹೆಣ್ಣಿಗೂ ಇರುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಕೀಳುವುದಿಲ್ಲ. ಕೀಳುವುದು ಅಡುಗೆಯವರು, ಇಲ್ಲವೇ ಮಾರುವವರು.

“ಬೆಳಗ್ಗಿಂದ ಅಳತೆ ಅಳತೆ ಅಂತ ಕೂತಿದ್ದೆ, ಇದನ್ನ ನೋಡೇ ಇಲ್ಲ,” ಎಂದರು ಆಕೆ. “ಇವನ್ನ ಅಂಗಡೀಲಿ ತೊಳೆದು ಕೊಟ್ಟಿದ್ದಾರೆ.”

“ಅಂದ್ರೆ, ತಂದೋನಿಗೆ ಚಿಪ್ಪಿಗೆ ಗಡ್ಡ ಇರ್ತದೆ ಅನ್ನೋದೇ ಗೊತ್ತಿಲ್ಲ,” ಎಂದ ನಿಂಗಯ್ಯ. “ನಿಮ್ಮಂತೋರೇ ಯಾರೋ ಇರ್ಬೇಕು ಸಾರ್.”

ಶಿವರುದ್ರಪ್ಪ ಅವನ ಕಡೆ ಒಂದು ನೋಟ ಹಾಯಿಸಿದ. ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ಶನಿವಾರದ ಪೂಜೆಯಲ್ಲಿದ್ದವರು ಐದು ಜನ. ಎಲ್ಲರ ಬೆರಳಚ್ಚು ತೆಗೆದರು. ಕಾವಲುಗಾರ ಮಹದೇವು ಮೊದಲು, ಮಧ್ಯಾಹ್ನ ತಾನೇ ಬೀಗ ಹಾಕಿ ಹೋದೆ ಎಂದ. ಎರಡನೆಯ ಸಲ ಕೇಳಿದಾಗ ಬೀಗದ ಕೈಯನ್ನು ಅಮರೇಶ್ ಸಾರಿಗೆ ಕೊಟ್ಟು ಹೋದೆ ಎಂದ. ಪೂಜೆ ಮಾಡಿದ್ದು ಅಮರೇಶ. ಕುಂಬಳಕಾಯಿ ಒಡೆದ ಮೇಲೆ, ದೀಪ ಎಲ್ಲ ಆರಿಸಿ ನಾನೇ ಬೀಗ ಹಾಕ್ತೀನಿ, ನೀನು ಹೋಗು, ಹಬ್ಬದ ಊಟ ಆರೋಗ್ತದೆ ಅಂದಿದ್ದನಂತೆ.

ಅಮರೇಶ ಅಲ್ಲೇ ನಿಂತಿದ್ದ. ಮೂವತ್ತೈದರ ಆಸುಪಾಸು, ಬಿಳಿ ಕೋಟು, ಹಣೆಗೆ ವಿಭೂತಿ, ತಗ್ಗಿದ ದನಿ. ಪ್ರಯೋಗಾಲಯದ ಟೆಕ್ನಿಷಿಯನ್. ಪಂಚರಿಗೆ ಟ್ರೇ ತಂದುಕೊಟ್ಟವನೂ ಅವನೇ. ಹೌದು ಸಾರ್, ಬೀಗ ಹಾಕಿ ಮನೆಗೆ ಹೋದೆ ಎಂದ. ಅಷ್ಟೇ.

ಹೊರಗೆ ಬಂದ ಮೇಲೆ ಅವನ ಬಗ್ಗೆ ಚೂಡಾಮಣಿಯವರನ್ನು ವಿಚಾರಿಸಿದಾಗ, ಅವರು ತಡವರಿಸದೆ ಹೇಳಿದರು: ಅಮರೇಶ ಏಳು ವರ್ಷ ಅದೇ ಕಾರ್ಖಾನೆಯಲ್ಲಿದ್ದವನು. 2001ರಲ್ಲಿ ಬಿಟ್ಟು ಬಂದ. ಕೊಳವೆ ಎಲ್ಲಿಂದ ಹೊರಡುತ್ತದೆ, ಯಾವ ಹೊತ್ತಿಗೆ ನೀರು ಬಿಡುತ್ತಾರೆ, ಎಲ್ಲ ಅವನಿಗೆ ಗೊತ್ತಿತ್ತು. ಅದಕ್ಕೇ ಕೆಲಸಕ್ಕೆ ತೆಗೆದುಕೊಂಡದ್ದು.

“ಕಂಪ್ನಿಯೋರು ಕೊಂಡ್ಕಂಡವ್ರೆ, ಮುಗೀತು,” ಎಂದ ನಿಂಗಯ್ಯ ಜೀಪಿನಲ್ಲಿ. “ಇಂಥೋರ್ನ ಕೊಂಡ್ಕಳಕ್ಕೆ ಏನ್ ಮಹಾ ಬೇಕು?”

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಮಂಡಿ ಮೊಹಲ್ಲಾದ ಮೀನಂಗಡಿಗಳ ಸಾಲಿಗೆ ಹೋದರು. ಶಿವರುದ್ರಪ್ಪ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ. ಹಿಡಿಯಬೇಕು ಅನ್ನಿಸಿದರೂ ಹಿಡಿಯಲಿಲ್ಲ. ಕೇರಳದ ಕಡೆಯಿಂದ ಐಸಿನಲ್ಲಿ ಚಿಪ್ಪು ತರಿಸುವವರು ಇಬ್ಬರೇ. ಎರಡನೆಯವನು ಕೆಂಪಯ್ಯ. ಹಬ್ಬದಲ್ಲಿ ಚಿಪ್ಪು ಕೊಂಡವರು ಯಾರು ಎಂದು ನಿಂಗಯ್ಯ ಕೇಳಿ ಮುಗಿಸುವ ಮುಂಚೆಯೇ ಅವನಿಗೆ ಗಿರಾಕಿಯ ನೆನಪಾಗಿಬಿಟ್ಟಿತು.

“ಮರೆಯಕಾಯ್ತದಾ ಸಾರ್? ನವರಾತ್ರೀಲಿ ಮೀನ್ ಕೇಳೋರೇ ಇರಲ್ಲ. ಆಯುಧ ಪೂಜೆ ದಿನ ಕತ್ತಿಗೆ ಹೂವ ಇಟ್ಟು ಸುಮ್ನೆ ಕುಂತಿದ್ದೆ. ಆಗ ಒಬ್ರು ಬಂದ್ರು, ಹಣೆ ತುಂಬ ಈಬೂತಿ. ದಾರಿ ಕೇಳಕ್ ಬಂದವ್ರೆ ಅನ್ಕಂಡೆ. ಕಲ್ಲುಮ್ಮಕಾಯಿ, ಅದೇ ಈ ಚಿಪ್ಪು, ಬೇಕು ಅಂದ್ರು. ಬುಡ್ಸಿ ಮಾಂಸ ಕೊಡ್ಲಾ ಅಂದ್ರೆ ಬ್ಯಾಡ, ಚಿಪ್ಪು ಅಂಗೇ ಇರ್ಲಿ ಅಂದ್ರು. ಚೌಕಾಸಿ ಇಲ್ಲ ಏನಿಲ್ಲ. ಮಖ ಆ ಕಡೆ ತಿರುಗ್ಸಿ ಎರಡು ಬೆರಳಲ್ಲಿ ಚೀಲ ಹಿಡ್ಕಂಡ್ರು.”

“ಗಡ್ಡ ಕಿತ್ತೋರು ಯಾರು?”

“ನಾನೇ. ಕಿತ್ತು, ಉಜ್ಜಿ ತೊಳೆದೇ ಕೊಡೋದು ಸಾರ್. ಅದ್ಯಾಕ್ ಕೇಳ್ತೀರಾ?”

ಪ್ರಯೋಗಾಲಯದ ವಾರ್ಷಿಕೋತ್ಸವದ ಗುಂಪು ಫೋಟೊ ತೋರಿಸಿದಾಗ ಕೆಂಪಯ್ಯ ಕೈಯನ್ನು ಲುಂಗಿಗೆ ಒರೆಸಿಕೊಂಡು, ಎಡಗಡೆ ಕೊನೆಗೆ ನಿಂತಿದ್ದ ಅಮರೇಶನ ಮೇಲೆ ಬೆರಳಿಟ್ಟ.

ಅಲ್ಲಿಂದ ಅಗ್ರಹಾರಕ್ಕೆ, ಅಮರೇಶನ ಮನೆಗೆ. ಅಮರೇಶ ಕೆಲಸಕ್ಕೆ ಹೋಗಿದ್ದ. ಸಂದಿಯೊಳಗಿನ ಹಳೆಯ ಮನೆ, ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದರು. ಟಿವಿಗೆ ಬಟ್ಟೆ ಹೊದಿಸಿತ್ತು. ಹೊಸದು ಎಂಬ ವಸ್ತು ಕಣ್ಣಿಗೆ ಬೀಳಲಿಲ್ಲ. ಕಂಪನಿಯ ದುಡ್ಡು ತಿಂದ ಮನೆಯಂತೆ ಅದು ಕಾಣಲಿಲ್ಲ.

ತಾಯಿ ದಾಕ್ಷಾಯಣಮ್ಮ ಇನ್ಸ್‌ಪೆಕ್ಟರನ ಹೆಸರು ಕೇಳಿ, ನಮ್ಮೋರೇ ಅಂತ ಸಮಾಧಾನಪಟ್ಟು ಕುರ್ಚಿ ಹಾಕಿದರು. ಮಗ ಬಂಗಾರದಂಥವನು, ಒಂದು ಚಟ ಇಲ್ಲ, ಇಲ್ಲಿ ಏನೋ ತಪ್ಪಾಗಿದೆ ಎಂದರು. ಮಾತು ಅಲ್ಲಿಂದ ತಾನಾಗಿಯೇ ಸೊಸೆಯ ಕಡೆಗೆ ಹರಿಯಿತು. ಸೊಸೆ ಲಾಸ್ಯ ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದಳು. ಅವಳು ಇಲ್ಲವೇ ಇಲ್ಲವೇನೋ ಎಂಬಂತೆ ಅತ್ತೆ ಮಾತಾಡಿದರು.

“ಮದ್ವೆಯಾಗಿ ಏಳು ವರ್ಷ ಸ್ವಾಮಿ. ತೋರಿಸದ ಡಾಕ್ಟ್ರಿಲ್ಲ, ಕುಡಿಸದ ಕಷಾಯ ಇಲ್ಲ. ಬರಡು ನೆಲಕ್ಕೆ ಏನ್ ಹಾಕಿದ್ರೆ ಏನು? ದೀಪಾವಳಿ ಆಗ್ಲಿ, ನಂಜನಗೂಡಲ್ಲಿ ಒಂದು ಹುಡುಗಿ ನೋಡಿದೀವಿ. ಇವಳೂ ಇರ್ಲಿ, ಬೇಡ ಅನ್ನಲ್ಲ. ಮೂಲೇಲಿ ಬಿದ್ದಿರ್ತಾಳೆ.”

ಅಮರೇಶನ ಹೆಂಡತಿಗೆ ಮಕ್ಕಳಾಗದ್ದಕ್ಕೂ ತನ್ನ ಕೇಸಿಗೂ ಸಂಬಂಧವಿಲ್ಲವೆಂದು ಶಿವರುದ್ರಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಲಾಸ್ಯಳ ಕಡೆ ತಿರುಗಿ, ಶನಿವಾರ ಗಂಡ ಎಷ್ಟು ಹೊತ್ತಿಗೆ ಬಂದರು ಎಂದ.

“ಸಂಜೆ. ಹಬ್ಬದ ಊಟಕ್ಕೆ ಬರ್ಲಿಲ್ಲ. ಪ್ಯಾಂಟೆಲ್ಲ ಕೆರೆ ಕೆಸರು, ಪಾಚಿ. ಬಂದೋರೇ ಸ್ನಾನ ಮಾಡಿದ್ರು. ಆಮೇಲೆ ಇನ್ನೊಂದ್ಸಲ ಮಾಡಿದ್ರು.”

“ಯಾಕೆ ಅಂತ ಕೇಳಿದ್ರಾ?”

“ಕೇಳೋ ಅಭ್ಯಾಸ ಇಲ್ಲ ಸಾರ್.”

ಅಕ್ಟೋಬರ್ 8ರ ಬೆಳಿಗ್ಗೆ ಬೆರಳಚ್ಚು ವಿಭಾಗದಿಂದ ವರದಿ ಬಂತು. ಚೀಲದ ಮೇಲಿನ ಕುಂಕುಮದ ಗುರುತು ಅಮರೇಶನ ಬಲಗೈ ಹೆಬ್ಬೆರಳಿನದು. ಅರ್ಧ ಗಂಟೆಯಲ್ಲಿ ಜೀಪು ಪ್ರಯೋಗಾಲಯದ ಮುಂದಿತ್ತು. ಅಮರೇಶ ಸಿಂಕಿನ ಮುಂದೆ ನಿಂತು ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದ. ಪೊಲೀಸರನ್ನು ನೋಡಿ ನಲ್ಲಿ ನಿಲ್ಲಿಸಿದ.

“ಇನ್ನೆರಡಿವೆ ಸಾರ್. ತೊಳೆದು ಬರ್ಲಾ?”

ಅವನು ತೊಳೆದು ಮುಗಿಸುವವರೆಗೂ ಯಾಕೆ ಕಾದೆವು ಎಂಬುದು ನಿಂಗಯ್ಯನಿಗೆ ಆಮೇಲೂ ತಿಳಿಯಲಿಲ್ಲ. ಕೋಟು ಕಳಚಿ ಮೊಳೆಗೆ ನೇತುಹಾಕಿ ಅಮರೇಶ ತಾನೇ ಮುಂದೆ ನಡೆದ. ಬಂಧನದ ಸಮಯ 11.40.

ನಿಜವಾದ ಚಿಪ್ಪು ಎಲ್ಲಿ ಎಂದರೆ, ಲಿಂಗಾಂಬುಧಿ ಕೆರೆ ಎಂದ. ತೋರಿಸಿದ. ಏರಿಯ ಹಿಂದೆ, ಜೊಂಡು ಬೆಳೆದ ಕಡೆ, ಅವನು ಎಸೆದದ್ದು ನೀರಿನವರೆಗೂ ಹೋಗಿರಲಿಲ್ಲ. ಕೆಸರಿನಲ್ಲೇ ಬಿದ್ದಿತ್ತು. ನಾಲ್ಕು ದಿನದ ಬಿಸಿಲು. ಚಿಪ್ಪುಗಳೆಲ್ಲ ಬಾಯಿ ತೆರೆದು ಬಿದ್ದಿದ್ದವು. ಒಳಗಿನದನ್ನು ಕಾಗೆ ತಿಂದಿತ್ತು, ಕಾಗೆ ಬಿಟ್ಟದ್ದನ್ನು ಇರುವೆ ತಿನ್ನುತ್ತಿತ್ತು. ಮಹಜರಿಗೆ ಕರೆಸಿದ್ದ ಚೂಡಾಮಣಿ ಸೀರೆ ಎತ್ತಿಕಟ್ಟಿಕೊಂಡು ಕೆಸರಿಗೆ ಇಳಿದರು. ಒಂದೊಂದನ್ನೇ ಎತ್ತಿ, ಒಳಗೆ ನೋಡಿ, ಪಕ್ಕಕ್ಕಿಟ್ಟರು. ಕೊನೆಯದನ್ನೂ ನೋಡಿದರು. ಕೊಳೆತ ವಾಸನೆಗೆ ಪಂಚರು ದೂರ ಸರಿದು ನಿಂತಿದ್ದರು.

“ಯಾಕೋ ಅಮರೇಶ?” ಎಂದರು ಆಕೆ.

ಅವನು ಕೆರೆಯ ಕಡೆ ನೋಡುತ್ತ ನಿಂತ.

ಮಧ್ಯಾಹ್ನ ಠಾಣೆಯಲ್ಲಿ ವಿಚಾರಣೆ. ಕಂಪನಿಯವರು ಎಷ್ಟು ಕೊಟ್ಟರು ಎಂದು ಶಿವರುದ್ರಪ್ಪ ಕೇಳಿದ. ಏನೂ ಇಲ್ಲ. ಯಾರು ಬಂದಿದ್ದರು? ಯಾರೂ ಇಲ್ಲ. ಕೆಲಸ ಕೊಡುತ್ತೇವೆ ಅಂದರಾ? ಇಲ್ಲ. ನಿಂಗಯ್ಯ ಮೇಜು ಗುದ್ದಿದ. ಅಮರೇಶ ಬೆಚ್ಚಲಿಲ್ಲ. ಶಿವರುದ್ರಪ್ಪ ನಿಂಗಯ್ಯನಿಗೆ ಹೊರಗೆ ಹೋಗೆಂದು ಸನ್ನೆ ಮಾಡಿದ. ಬಾಗಿಲು ಮುಚ್ಚಿಕೊಂಡಿತು.

“ಬೇಸಿಗೆ ಕಂತಿನ ಚಿಪ್ಪಿಂದ ಮೇಡಂ ಬಿಡಿಸಿಟ್ಟ ಮಾಂಸ ಅರೆದು ಪರೀಕ್ಷೆಗೆ ಕೊಟ್ಟೋನು ನಾನೇ ಸಾರ್,” ಎಂದ ಅಮರೇಶ. “ಗಂಡಿನಲ್ಲಿ ಮೊಟ್ಟೆ ಪ್ರೋಟೀನು. ಮೇಡಂ ಖುಷೀಲಿ ಕುಣಿದ್ಬಿಟ್ರು. ಪೇಪರಲ್ಲಿ ಬರುತ್ತೆ ಅಂದ್ರು.”

“ಬಂದ್ರೆ ನಿಂಗೇನು?”

“ಏಳು ವರ್ಷ ಆ ಕಾರ್ಖಾನೇಲಿದ್ದೆ. ಕೊಳವೆಗೆ ಹೋಗೋ ತೊಟ್ಟೀಲಿ ಮೊಣಕಾಲುದ್ದ ಇಳಿದು ತೊಳೀತಿದ್ದೆ. ಅಲ್ಲೇ ಬಾವಿ ನೀರು ಕುಡೀತಿದ್ದೆ. ಎರಡು ವಾರಕ್ಕೊಂದ್ಸಲ ಮೈಸೂರಿಗೆ ಬರ್ತಿದ್ದೆ. 2001ರಲ್ಲಿ ಮನೇಲಿ ಯಾರಿಗೂ ಹೇಳ್ದೆ ಬೆಂಗಳೂರಲ್ಲಿ ಪರೀಕ್ಷೆ ಮಾಡಿಸ್ದೆ. ತೊಂದ್ರೆ ನನ್ನದು. ಅವಳದ್ದಲ್ಲ.”

ಶಿವರುದ್ರಪ್ಪ ಬರೆಯುವುದನ್ನು ನಿಲ್ಲಿಸಿದ.

“ನಮ್ಮ ಬೀದೀಲಿ ನಾನು ಎಲ್ಲಿ ಕೆಲಸ ಮಾಡ್ತಿದ್ದೆ ಅಂತ ಗೊತ್ತಿಲ್ದೋರು ಯಾರಿದಾರೆ? ಆ ಕಾರ್ಖಾನೆ ನೀರು ಗಂಡನ್ನ ಹೆಣ್ಣು ಮಾಡುತ್ತೆ ಅಂತ ಪೇಪರಲ್ಲಿ ಬಂದ್ರೆ, ಅಂಗಡಿ ಕಟ್ಟೆ ಮೇಲೆ ಕೂತು ಓದ್ತಾರೆ. ಓದಿ ನನ್ನ ಮುಖ ನೋಡ್ತಾರೆ. ಅಮ್ಮ ನೋಡ್ತಾರೆ.”

“ಅದಕ್ಕೆ ಅವಳನ್ನ ಬರಡು ಅನ್ನಿಸ್ಕೊಂಡು ಇರಕ್ಕೆ ಬಿಟ್ಟೆ.”

ಅಮರೇಶ ಪ್ಯಾಂಟಿಗೆ ಮೆತ್ತಿದ್ದ ಕೆರೆಯ ಕೆಸರನ್ನು ಉಗುರಿನಿಂದ ಕೆರೆದ.

“ಎರಡನೇ ಮದ್ವೆಗೂ ಒಪ್ಪಿದೀಯ. ಆ ಹುಡುಗೀನೂ ಬರಡಾಗ್ತಿದ್ಲು.”

“ಸಾರ್, ನೀವೂ ನಮ್ಮೋರು. ಕಂಪ್ನಿಯಿಂದ ಲಂಚ ತಗೊಂಡೆ ಅಂತ ಬರ್ಕೊಳ್ಳಿ. ರುಜು ಹಾಕ್ತೀನಿ. ಇದೊಂದು ಬರೀಬೇಡಿ.”

ಕಳ್ಳ ಅನ್ನಿಸಿಕೊಳ್ಳಲು ಅವನಿಗೆ ಅಡ್ಡಿಯಿರಲಿಲ್ಲ. ಜೈಲಿಗೆ ಹೋಗಲೂ ಅಡ್ಡಿಯಿರಲಿಲ್ಲ. ಒಂದು ಊರಿನ ಜನ ಇನ್ನೊಂದು ಕೊಳವೆಯ ನೀರು ಕುಡಿದು ಬೆಳೆದ ಚಿಪ್ಪು ತಿಂದುಕೊಂಡಿರಲಿ, ಅದಕ್ಕೂ ಅಡ್ಡಿಯಿರಲಿಲ್ಲ. ಅಗ್ರಹಾರದ ಒಂದು ಸಂದಿಯಲ್ಲಿ ನಾಲ್ಕು ಜನ ತನ್ನ ಮುಖ ನೋಡಬಾರದು, ಅಷ್ಟೇ. ಗಂಡಸುತನ ಎಂದು ಕರೆಯುವ ಈ ಒಣಜಂಬಕ್ಕೆ ಎಷ್ಟು ಜನರ ಹೊಟ್ಟೆ ಬೇಕು ಎಂದು ಯಾರೂ ಯಾವತ್ತೂ ಲೆಕ್ಕ ಇಟ್ಟಿಲ್ಲ.

ಶಿವರುದ್ರಪ್ಪ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡ. ಸಂಜೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನವಾಯಿತು.

ಆ ರಾಸಾಯನಿಕದಿಂದಲೇ ಅಮರೇಶನಿಗೆ ಹಾಗಾಗಿದ್ದು ನಿಜವಿರಬಹುದಾ ಎಂದು ಶಿವರುದ್ರಪ್ಪ ಚೂಡಾಮಣಿಯವರಿಗೆ ಫೋನ್ ಮಾಡಿ ಕೇಳಿದ.

“ಇರಬಹುದು, ಇಲ್ಲದೇನೂ ಇರಬಹುದು. ಮನುಷ್ಯರ ಮಾತು ಹೇಳೋಕೆ ಮೊದಲು ಚಿಪ್ಪಿನ ಮಾತಾದರೂ ಗಟ್ಟಿಯಾಗಬೇಕಿತ್ತು,” ಎಂದರು ಆಕೆ. “ಅದಕ್ಕೆ ಆ ಚೀಲ ಬೇಕಿತ್ತು ಸರ್.”

ಅಕ್ಟೋಬರ್ 16ರಂದು ಕೊಳವೆಯ ಸಾರ್ವಜನಿಕ ವಿಚಾರಣೆ ನಡೆಯಿತು. ಚೂಡಾಮಣಿ ಮೊದಲ ಕಂತಿನ ಫಲಿತಾಂಶವನ್ನಷ್ಟೇ ಮಂಡಿಸಿದರು. ಎರಡನೆಯದು ಎಲ್ಲಿ ಎಂದು ಅಧಿಕಾರಿಗಳು ಕೇಳಿದರು. ಕಳುವಾಗಿದೆ ಎಂದಾಗ ಕಾರ್ಖಾನೆಯ ವಕೀಲ ನಕ್ಕನಂತೆ. ಹಾನಿ ಸಾಬೀತಾಗಿಲ್ಲ ಎಂದು ಬರೆದುಕೊಂಡು, ಊಟಕ್ಕೆ ಎದ್ದರು. ಎರಡನೆಯ ಕೊಳವೆಗೆ ದಾರಿಯಾಯಿತು.

ಮರುದಿನ ಬೆಳಿಗ್ಗೆ ದಾಕ್ಷಾಯಣಮ್ಮ ಮತ್ತು ಲಾಸ್ಯ ಠಾಣೆಗೆ ಬಂದರು. ಚಿಪ್ಪು ಸಾಗಿಸಿದ್ದಕ್ಕೆ ಜಪ್ತಿಯಾದ ಅಮರೇಶನ ಸ್ಕೂಟರ್ ಬಿಡಿಸಿಕೊಳ್ಳುವುದು ಹೇಗೆಂದು ಕೇಳಲು. ನಂಜನಗೂಡಿನವರು ಜೈಲಿನ ಸುದ್ದಿ ಕೇಳಿ ಹಿಂದೆ ಸರಿದಿದ್ದರು. ಮುದುಕಿ ಬೆಂಚಿನ ಮೇಲೆ ಕೂತು, ಬಂದವರು ಹೋದವರಿಗೆಲ್ಲ ಕೇಳಿಸುವಂತೆ ಒಂದೇ ಸಮನೆ ಆಡುತ್ತಿದ್ದರು: ಎಲ್ಲ ಇವಳ ಕಾಲ್ಗುಣ, ಇವಳು ಮನೆಗೆ ಕಾಲಿಟ್ಟ ಗಳಿಗೆ, ಒಂದು ಮಗು ಹೆತ್ತಿದ್ದರೆ ನನ್ನ ಮಗನ ಬುದ್ಧಿ ಹೀಗೆ ಕೆಡುತ್ತಿತ್ತಾ?

ಲಾಸ್ಯ ಒಳಗೆ ಬಂದು ಶಿವರುದ್ರಪ್ಪನ ಮೇಜಿನ ಮುಂದೆ ನಿಂತಳು.

“ಅವರು ಯಾಕೆ ಮಾಡಿದ್ರು ಅಂತ ಹೇಳಿದಾರಾ ಸಾರ್?”

ಇದನ್ನು ಕೋರ್ಟಿನಲ್ಲಿ ತಿಳಿಯಬೇಕು ಎನ್ನಬಹುದಿತ್ತು. ಅವನು ಹಾಗೆನ್ನಲಿಲ್ಲ. ಎದುರು ಕೂರಿಸಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದ. ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅವಳು ಎರಡೂ ಅಂಗೈಗಳನ್ನು ಮಡಿಲ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿಕೊಂಡಳು.

“ಎರಡು ವರ್ಷದಿಂದ ಗೊತ್ತಿತ್ತಾ ಅವರಿಗೆ?”

“ಹೌದಮ್ಮ.”

“ಆಮೇಲೂ ಕಷಾಯ ತಂದ್ಕೊಡ್ತಿದ್ರು ಸಾರ್. ಮುಗಿಯೋ ಮುಂಚೇನೇ ಹೊಸ ಬಾಟ್ಲಿ ತರ್ತಿದ್ರು.”

ಹೊರಗೆ ದಾಕ್ಷಾಯಣಮ್ಮನ ದನಿ ಇನ್ನೂ ನಡೆದಿತ್ತು. ಲಾಸ್ಯ ಎದ್ದು ಬಾಗಿಲಿಗೆ ಹೋದಳು. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಏಳು ವರ್ಷದಲ್ಲಿ ಮೊದಲ ಸಲ ಹಾಗೆ ಹಿಡಿದದ್ದಿರಬೇಕು. ಮುದುಕಿ ಗಾಬರಿಯಿಂದ ಸುಮ್ಮನಾದರು. ಅವರನ್ನು ಒಳಗೆ ತಂದು ಅದೇ ಕುರ್ಚಿಯಲ್ಲಿ ಕೂರಿಸಿ, ತಾನು ಹಿಂದೆ ನಿಂತಳು.

“ಇವರಿಗೆ ಓದಿ ಹೇಳಿ ಸಾರ್. ನಾನು ಹೇಳಿದ್ರೆ ನಂಬಲ್ಲ.”

ಶಿವರುದ್ರಪ್ಪ ನಿಂಗಯ್ಯನ ಕಡೆ ನೋಡಿದ. ನಿಂಗಯ್ಯ ಹೋಗಿ ಅಮರೇಶನ ಹೇಳಿಕೆಯಿದ್ದ ಫೈಲು ತಂದು ಮೇಜಿನ ಮೇಲಿಟ್ಟ.

“ಗಟ್ಟಿಯಾಗಿ ಓದಿ,” ಎಂದಳು ಲಾಸ್ಯ.